ಕೆಂಪು ದಾರದ ಗುರುತು

ಇಸ್ತ್ರಿಯಪ್ಪ ಹೆಂಡತಿಯ ಬೂದು ನಿಲುವಂಗಿಯ ಎಡತೋಳನ್ನು ಮೇಜಿನ ಮೇಲೆ ಹರವಿ, ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆಯನ್ನು ಭುಜದಿಂದ ಮಣಿಕಟ್ಟಿನವರೆಗೆ ಒಂದೇ ಎಳೆತಕ್ಕೆ ಎಳೆದ. ಹಬೆ ಎದ್ದಿತು. ಮಡಿಕೆ ಓರೆಯಾಗಿ ಬಿತ್ತು. ನಲವತ್ತು ವರ್ಷ ಪಳಗಿದ ಕೈ, ಇಂಥ ತಪ್ಪು ಮಾಡಿದ್ದೇ ಇಲ್ಲ. ಮತ್ತೆ ನೀರು ಚಿಮುಕಿಸಿದ.

"ಭಾವ, ಗಾಡಿಯವನು ಬಂದು ನಿಂತಿದಾನೆ" ಎಂದು ಭಾವಮೈದುನ ಬಾಗಿಲಿನಿಂದಲೇ ಹೇಳಿದ. "ಬಟ್ಟೆ ಕೊಟ್ರೆ ಆಸ್ಪತ್ರೆ ಹೆಂಗಸರು ಅಕ್ಕನಿಗೆ ಹಾಕ್ತಾರೆ. ಇಷ್ಟು ಸಾಕು ಬಿಡಿ. ಶವಪೆಟ್ಟಿಗೆಯೊಳಗೆ ತೋಳು ಯಾರು ನೋಡ್ತಾರೆ?"

"ಅವಳು ನೋಡ್ತಾಳೆ" ಎಂದ ಇಸ್ತ್ರಿಯಪ್ಪ.

ಭಾವಮೈದುನ ಬಾಗಿಲಿಗೆ ಒರಗಿದ. ಹೆಂಡತಿಯ ಒಬ್ಬನೇ ತಮ್ಮ, ನಲ್ಲಿ ರಿಪೇರಿ ಕೆಲಸದವನು. ಅವನು ಬಾಯಿ ತೆರೆಯುವ ಮೊದಲೇ ಇಸ್ತ್ರಿಯಪ್ಪನಿಗೆ ಬಂದವನು ಅವನೇ ಎಂದು ಗೊತ್ತಾಗಿತ್ತು. ಜೇಬಿನಲ್ಲಿ ಸ್ಪ್ಯಾನರುಗಳು ಒಂದಕ್ಕೊಂದು ತಾಗುವ ಸದ್ದು, ಅದರ ಹಿಂದೆ ಒಣಕೆಮ್ಮು. ಮುಖ ನೋಡಿದರೆ ಮಾತ್ರ ಇಸ್ತ್ರಿಯಪ್ಪನಿಗೆ ಯಾರೆಂದರೆ ಯಾರೂ ಗೊತ್ತಾಗುತ್ತಿರಲಿಲ್ಲ. ಕಣ್ಣೇನೋ ಈ ವಯಸ್ಸಿನಲ್ಲೂ ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ಮೂಗು, ಬಾಯಿ, ಹುಬ್ಬು ಎಲ್ಲ ಕಾಣುತ್ತಿತ್ತು. ಆದರೆ ಇಂಥ ಮೂಗು ಇಂಥವರದು ಎನ್ನುವುದು ತಲೆಯಲ್ಲಿ ಎಲ್ಲೂ ನಿಲ್ಲುತ್ತಿರಲಿಲ್ಲ. ಆಚೆ ತಿರುಗಿ ಈಚೆ ನೋಡಿದರೆ ಅದೇ ಮುಖ ಮತ್ತೆ ಹೊಸದು. ಹುಟ್ಟಿದಾಗಿನಿಂದ ಹೀಗೆ. ಈ ಗುಟ್ಟು ಗೊತ್ತಿದ್ದದ್ದು ಲೋಕದಲ್ಲಿ ಒಬ್ಬಳಿಗೇ, ಅವಳ ತೋಳಿನ ಮಡಿಕೆಯನ್ನೇ ಅವನು ಈಗ ಸರಿಮಾಡುತ್ತಿದ್ದ.

"ಪುಟ್ಟಿ ಬರ್ತಾಳಾ?" ಎಂದು ತಲೆ ಎತ್ತದೆ ಕೇಳಿದ. ಪುಟ್ಟಿ ಎಂದರೆ ಮಗಳು. ಮೂವತ್ತೈದು ದಾಟಿದ ಹೆಂಗಸು.

"ಬೆಳಗಿನ ಬಸ್ಸಿಗೆ ಹೊರಟಿದಾಳೆ. ಎರಡು ಗಂಟೆ ಬಸ್ಸಿಗೆ ವಾಪಸ್ ಹೋಗ್ತಾಳಂತೆ." ಭಾವಮೈದುನ ಒಂದು ಹೆಜ್ಜೆ ಒಳಗೆ ಬಂದ. "ನೋಡಿ ಭಾವ, ಒಂಬತ್ತು ವರ್ಷ ಆದಮೇಲೆ ಬರ್ತಿದಾಳೆ. 'ಅಪ್ಪ ತಾವಾಗಿ ಮಾತಾಡಿಸಿದ್ರೆ ಮಾತಾಡ್ತೀನಿ, ನಾನಾಗಿ ಬಾಯಿ ಬಿಡಲ್ಲ' ಅಂತ ಹಟ. ದೊಡ್ಡವರು ನೀವು. ನೀವೇ ಮೊದಲು ಕರೀರಿ. ಇವತ್ತು ತಪ್ಪಿದ್ರೆ ಅವಳು ಇನ್ನು ಈ ಕಡೆ ತಲೆ ಹಾಕಲ್ಲ."

"ಕರೀತೀನಿ" ಎಂದ. ತೋಳನ್ನು ಮಗುಚಿ, "ಯಾವ ಬಟ್ಟೇಲಿ ಬರ್ತಾಳಂತೆ?" ಎಂದು ಕೇಳಿದ.

ಭಾವಮೈದುನ ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತ. "ಅಮ್ಮ ಸತ್ತ ಸುದ್ದಿ ಹೇಳುವಾಗ ಬಟ್ಟೆ ಯಾವುದು ಅಂತ ಕೇಳ್ಲಾ ಭಾವ?"

ಹೇಳಿಬಿಡಬೇಕು ಅನ್ನಿಸಿತು. 'ನನ್ನ ಪಕ್ಕದಲ್ಲೇ ನಿಂತಿರು, ಯಾರು ಬಂದರೂ ಕಿವಿಯಲ್ಲಿ ಹೇಳು, ಪುಟ್ಟಿ ಬಂದರೆ ಮೊಣಕೈಯಿಂದ ತಿವಿ' ಎಂದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಎಪ್ಪತ್ತರ ಹತ್ತಿರದ ಗಂಡಸು ಹೆತ್ತ ಮಗಳ ಗುರುತು ಹಿಡಿಯಲು ಪಕ್ಕದವನ ಮೊಣಕೈ ಬೇಕು ಅನ್ನುವುದಾದರೂ ಹೇಗೆ? ಒಂದು ಕೊರಳವಸ್ತ್ರ ತೆಗೆಯುವ ನೆಪದಲ್ಲಿ ಬೀರುವಿನ ಕಡೆ ತಿರುಗಿದ.

ಬೀರುವಿನ ಬಲತುದಿಯ ಹ್ಯಾಂಗರು ಖಾಲಿಯಾಗಿತ್ತು. ಅಲ್ಲಿ ತೂಗುತ್ತಿದ್ದದ್ದು ಮಗಳು ಬಿಟ್ಟುಹೋದ ಹಸಿರು ಕೋಟು. ವರ್ಷಕ್ಕೊಮ್ಮೆ ಅದನ್ನು ತೆಗೆದು, ಕೊಡವಿ, ಹದವಾಗಿ ಇಸ್ತ್ರಿ ಹಾಕಿ ಮತ್ತೆ ತೂಗುಹಾಕುವುದು ಅವನ ಕೆಲಸ. ಈ ವರ್ಷ ಆಸ್ಪತ್ರೆಯ ಓಡಾಟದಲ್ಲಿ ಆಗಿರಲಿಲ್ಲ. ಅದರ ಎಡಗೈ ಪಟ್ಟಿಯ ಅಂಚಿಗೆ ಹೆಂಡತಿ ಹಾಕಿದ ಕೆಂಪು ದಾರದ ಗುರುತಿತ್ತು.

ಇಸ್ತ್ರಿಯಪ್ಪ ಖಾಲಿ ಹ್ಯಾಂಗರನ್ನು ಹಿಡಿದು ನಿಂತ. ಅವಳು ಕಳಿಸಿದ್ದಾಳೆ. ತನಗೆ ಇನ್ನು ದಿನವಿಲ್ಲ ಎಂದು ತಿಳಿದ ಮೇಲೆ ಯಾರ ಕೈಯಲ್ಲೋ ಕೊಟ್ಟು ಮಗಳಿಗೆ ಕಳಿಸಿದ್ದಾಳೆ, ಈ ದಿನ ಹಾಕಿಕೊಂಡು ಬರಲಿ, ಅವನಿಗೆ ಗೊತ್ತಾಗಲಿ ಎಂದು. ಅವನ ಹೆಂಡತಿ ಅಂಥವಳೇ. ಎದೆಯ ಮೇಲಿನ ಭಾರ ಇಳಿದಂತಾಯಿತು. ಭಾವಮೈದುನನಿಗೆ ಏನನ್ನೂ ಹೇಳಲಿಲ್ಲ.

*

ಮದುವೆಯಾದ ವಾರದಲ್ಲೇ ಅವನು ಬೀದಿಯಲ್ಲಿ ಹೆಂಡತಿಯನ್ನು ದಾಟಿಕೊಂಡು ಎರಡು ಸಲ ಹೋಗಿದ್ದ. ಮೊದಲ ಸಲ ಹುಡುಗಾಟ ಎಂದುಕೊಂಡಳು, ಎರಡನೆಯ ಸಲ ಸಿಟ್ಟಾದಳು. ಸಂಜೆ ಮನೆಯಲ್ಲಿ ಎದುರಿಗೆ ಕೂರಿಸಿಕೊಂಡು ಕೇಳಿದಳು.

"ನಿಜ ಹೇಳಿ. ಕಣ್ಣು ಕಾಣಲ್ವಾ?"

"ಕಾಣುತ್ತೆ. ಯಾರು ಅಂತ ಗೊತ್ತಾಗಲ್ಲ. ನೀನು ಮಾತಾಡಿದ್ರೆ ಗೊತ್ತಾಗುತ್ತೆ."

"ಬೇರೆ ಯಾರದೋ ಕೈ ಹಿಡ್ಕೊಂಡು ಮನೆಗೆ ಬಂದುಬಿಟ್ರೆ ನಾನೇನ್ರೀ ಮಾಡ್ಲಿ?" ಎಂದು ನಕ್ಕಳು. ಅವನು ನಗಲಿಲ್ಲ. "ಯಾರಿಗೂ ಹೇಳಬೇಡ" ಎಂದ. "ಆಯ್ತು" ಎಂದಳು. ಅವಳ ಆಯ್ತು ಎಂದರೆ ಆಯ್ತೇ.

ಆಮೇಲೆ ಇಬ್ಬರೂ ಲಾಂಡ್ರಿ ಅಂಗಡಿ ಇಟ್ಟರು. ಅವನು ಒಳಗಿನ ಇಸ್ತ್ರಿ ಮೇಜಿಗೆ, ಅವಳು ಮುಂದಿನ ಕಟ್ಟೆಗೆ. ಯಾರಾದರೂ ರಸ್ತೆ ದಾಟುತ್ತಿದ್ದಂತೆಯೇ ಅವಳ ಬಾಯಿ ಶುರುವಾಗುತ್ತಿತ್ತು. "ಓಹೋ, ಔಷಧಿ ಅಂಗಡಿಯವರು ಬಂದ್ರು, ನೀಲಿ ಕೋಟು ಆಯ್ತಾ ನೋಡ್ರೀ." "ಹೆಡ್‌ಮೇಷ್ಟ್ರು ಬರ್ತಿದಾರೆ, ಮೊನ್ನೆ ಹಲ್ಲು ಕೀಳಿಸಿಕೊಂಡ್ರಲ್ಲ, ಅವರೇ." ಬಂದವರ ಕುಲಗೋತ್ರವೆಲ್ಲ ಒಳಗಿನ ಮೇಜಿಗೆ ಕೇಳಿಸುವಂತೆ ಸಾರುತ್ತಿದ್ದಳು. ಜನ ಅವಳನ್ನು ಲಾಂಡ್ರಿಯಕ್ಕ ಎಂದು ಎದುರಿಗೂ, ಬಾಯಿಬಡುಕಿ ಎಂದು ಬೆನ್ನಹಿಂದೆಯೂ ಕರೆದರು. ಅಂಗಡಿಯ ಬಾಗಿಲು ಹಾಕಿದ ಮೇಲೆ ಆ ಬಾಯಿಬಡುಕಿ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸಿ, ಊಟ ಮುಗಿಯುವವರೆಗೆ ನಾಲ್ಕು ಮಾತೂ ಆಡುತ್ತಿರಲಿಲ್ಲ. ಹುಟ್ಟಾ ಮಾತಿಲ್ಲದವಳು ಅವಳು. ಅದೂ ಅವನೊಬ್ಬನಿಗೆ ಗೊತ್ತಿದ್ದ ಗುಟ್ಟು.

ಬಟ್ಟೆ ಅದಲುಬದಲಾಗದಂತೆ ಪ್ರತಿ ಗಿರಾಕಿಯ ಕಾಲರಿನೊಳಗೆ ಒಂದೊಂದು ಬಣ್ಣದ ದಾರದ ಗುರುತು ಹಾಕುವುದು ಲಾಂಡ್ರಿಗಳ ವಾಡಿಕೆ. ಮಗಳು ಶಾಲೆಗೆ ಸೇರಿದಾಗ ಅವಳ ಬಟ್ಟೆಗಳಿಗೆಲ್ಲ ಹೆಂಡತಿ ಕೆಂಪು ದಾರ ಹಾಕಿದಳು, ಕಾಲರಿನೊಳಗಲ್ಲ, ಎಡಗೈ ಪಟ್ಟಿಯ ಹೊರಗೆ, ದೂರದಿಂದ ಕಾಣುವಂತೆ. ಸಂಜೆ ಶಾಲೆಯ ಗೇಟಿನಿಂದ ಇನ್ನೂರು ಮಕ್ಕಳು ಒಟ್ಟಿಗೆ ಹೊರಬಿದ್ದರೂ ಇಸ್ತ್ರಿಯಪ್ಪ ಕೆಂಪು ದಾರ ಹುಡುಕಿ ಆ ಕೈ ಹಿಡಿಯುತ್ತಿದ್ದ. ಒಂದು ದಿನ ಮಗಳು ಮತ್ತು ಅವಳ ಗೆಳತಿ ಆಟಕ್ಕೆ ಸ್ವೆಟರ್ ಬದಲಾಯಿಸಿಕೊಂಡಿದ್ದರು. ಅವನು ಗೆಳತಿಯ ಕೈ ಹಿಡಿದು ನಡೆದ. ಗೆಳತಿಗೆ ನಗು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ತಿರುವಿನವರೆಗೂ ಬಂತು. ಏಳು ವರ್ಷದ ಮಗಳು ಗೇಟಿನ ಹತ್ತಿರ ನಿಂತು ಅಪ್ಪ ಬೇರೆ ಹುಡುಗಿಯನ್ನು ಕರೆದುಕೊಂಡು ಹೋಗುವುದನ್ನು ನೋಡಿದಳು.

"ಅಪ್ಪ ತಮಾಷೆ ಮಾಡಿದ್ದು ಕಣೇ" ಎಂದು ಹೆಂಡತಿ ಸಮಾಧಾನ ಮಾಡಿದಳು. ರಾತ್ರಿ ಊಟಕ್ಕೆ ಕೂತಾಗ, "ಅವಳಿಗಾದ್ರೂ ಹೇಳೋಣ" ಎಂದಳು.

"ಅಪ್ಪನಿಗೆ ಮಗಳ ಮುಖ ಗೊತ್ತಾಗಲ್ಲ ಅಂತ ಹೇಳ್ತೀಯಾ ಮಗೂಗೆ? ನಿನಗೆ ನನ್ನ ಆಣೆ" ಎಂದಿದ್ದ ಅವನು.

*

ಸ್ಮಶಾನದ ಪಕ್ಕದ ಸಭಾಕೋಣೆಯಲ್ಲಿ ಮರದ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಗೋಡೆಗೆ ಬಿಳಿ ಸುಣ್ಣ, ಎತ್ತರದಲ್ಲಿ ಎರಡು ಕಿಟಕಿ, ಮೂಲೆಯಲ್ಲಿ ಉರಿಯದ ಹೀಟರು. ಪೆಟ್ಟಿಗೆ ಮುಂದಿನ ಮೇಜಿನ ಮೇಲಿತ್ತು.

ಜನ ಬರುವ ಮೊದಲು ಇಸ್ತ್ರಿಯಪ್ಪ ಒಬ್ಬನೇ ಹೋಗಿ ಪೆಟ್ಟಿಗೆಯ ಹತ್ತಿರ ನಿಂತ. ಒಳಗೆ ಒಬ್ಬ ಮುದುಕಿ ಮಲಗಿದ್ದಳು. ಆಸ್ಪತ್ರೆಯವರು ಕೂದಲನ್ನು ಹಿಂದಕ್ಕೆ ಬಾಚಿ ಕೆನ್ನೆಗೆ ಪೌಡರು ಹಚ್ಚಿದ್ದರು. ಅವಳು ಎಂದೂ ಬೈತಲೆಯಿಲ್ಲದೆ ಬಾಚಿದವಳಲ್ಲ, ಪೌಡರು ಮುಟ್ಟಿದವಳಲ್ಲ. ಮಾತು ಹೋಗಿತ್ತು, ಎಡಗಾಲು ಎಳೆದುಹಾಕುವ ನಡಿಗೆ ಹೋಗಿತ್ತು, ಸೋಪಿನ ವಾಸನೆಯೂ ಹೋಗಿತ್ತು. ಉಳಿದದ್ದು ಬರೀ ಮುಖ, ಅವನಿಗೆ ಎಂದೂ ಉಪಯೋಗಕ್ಕೆ ಬಾರದ್ದು. ಇದು ಯಾರು ಎಂದು ಅವನ ಕಣ್ಣು ಅವನನ್ನೇ ಕೇಳಿತು. ಅವನಿಗೆ ಭಯವಾಯಿತು. ತಾನೇ ಇಸ್ತ್ರಿ ಹಾಕಿದ ಬೂದು ತೋಳನ್ನು ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿದ. ಮಣಿಕಟ್ಟಿನ ಮೇಲೆ ಇಪ್ಪತ್ತು ವರ್ಷದ ಹಿಂದೆ ಇಸ್ತ್ರಿಪೆಟ್ಟಿಗೆ ತಾಗಿ ಆದ ಸುಟ್ಟ ಕಲೆ ಇತ್ತು, ಅರ್ಧ ಉಗುರಿನಷ್ಟು. ಅಲ್ಲಿ ಹೆಬ್ಬೆರಳಿಟ್ಟು ಅತ್ತ. ಆಮೇಲೆ ತೋಳನ್ನು ಎಳೆದು ಮಡಿಕೆ ನೇರ ಮಾಡಿದ.

ಹನ್ನೆರಡಕ್ಕೆ ಜನ ಬರತೊಡಗಿದರು. ಭಾವಮೈದುನ ಪಕ್ಕದಲ್ಲಿ ನಿಂತಿರುತ್ತೇನೆ ಎಂದಿದ್ದ, ಆದರೆ ಗುಂಡಿ ತೋಡುವವರಿಗೂ ಸ್ಮಶಾನದ ಗುಮಾಸ್ತನಿಗೂ ಜಾಗದ ವಿಷಯಕ್ಕೆ ಏನೋ ಜಟಾಪಟಿಯಾಗಿ ಅವನನ್ನು ಹೊರಗೆ ಕರೆದರು. ಇಸ್ತ್ರಿಯಪ್ಪ ಬಾಗಿಲಿನ ಹತ್ತಿರ ಒಬ್ಬನೇ ಉಳಿದ.

ಅವನಿಗೆ ಅಷ್ಟೇನೂ ಕಷ್ಟವಾಗಲಿಲ್ಲ, ಮೊದಮೊದಲು. ಸಾವಿಗೆ ಬರುವವರು ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತಾರೆ, ಅಂಗಡಿ ಬೀದಿಯ ಒಳ್ಳೆಯ ಬಟ್ಟೆಗಳೆಲ್ಲ ಅವನ ಕೈಯಲ್ಲಿ ಹಾದುಹೋದವೇ. ನೀಲಿ ಕೋಟು, ಬಲಜೇಬಿನ ಅಂಚು ತೇದಿದೆ, ಔಷಧಿ ಅಂಗಡಿಯವರು. ಕಂದು ಕೋಟು, ಮೊಣಕೈಗೆ ತೇಪೆ, ಹೆಡ್‌ಮೇಷ್ಟ್ರು. ಎಲ್ಲರಿಗೂ ಅವನು ಒಂದೇ ಮಾತು ಹೇಳಿದ. ಎಷ್ಟೋ ವರ್ಷದ ಹಿಂದೆ ಇಂಥದೇ ಒಂದು ಸಾವಿನ ಮನೆಗೆ ಹೋಗುವಾಗ ಹೆಂಡತಿ ಕಲಿಸಿಕೊಟ್ಟ ಮಾತು. "ನೀವು ಬಂದದ್ದು ದೊಡ್ಡ ಉಪಕಾರ." ಇದು ಎಲ್ಲರ ಮೈಗೂ ಸರಿಹೋಗೋ ಅಳತೆ ರೀ, ಗುರುತು ಸಿಗದಿದ್ರೆ ಇದನ್ನೇ ಹೇಳಿ ಎಂದಿದ್ದಳು.

"ಅಕ್ಕನ ಬಾಯಿಗೆ ನಾನು ಹೆದರ್ತಿದ್ದೆ ಕಣ್ರೀ" ಎಂದರು ಔಷಧಿ ಅಂಗಡಿಯವರು. "ರಸ್ತೆ ಆ ಕಡೆ ಇರೋವಾಗಲೇ ಡಂಗುರ ಹೊಡೆಯೋರು."

"ನನ್ನ ಹಲ್ಲಿನ ಸುದ್ದಿ ಬೀದಿಗೆಲ್ಲ ಗೊತ್ತಾಗಿದ್ದೇ ಅವರಿಂದ" ಎಂದರು ಹೆಡ್‌ಮೇಷ್ಟ್ರು, ನಗಬಾರದೆಂದು ತುಟಿ ಬಿಗಿಹಿಡಿದು. "ಒಳಗೆ ಕೂತು ನೀವು ಅದು ಹೇಗೆ ತಡ್ಕೊಂಡಿದ್ರೋ. ಪಾಪ, ನಿಮ್ಮ ಕಿವಿಗೆ ಇನ್ನು ಬಿಡುವು."

"ಹೌದು ಮೇಷ್ಟ್ರೇ" ಎಂದ ಇಸ್ತ್ರಿಯಪ್ಪ. "ಇನ್ನು ಬಿಡುವು."

"ಮುಖ ಒಂಚೂರೂ ಬದಲಾಗಿಲ್ಲ, ಮಲಗಿದ ಹಾಗೇ ಇದಾರೆ" ಎಂದು ಯಾರೋ ಹೇಳಿದರು. ಅವನು ಹೌದೆಂದು ತಲೆಯಾಡಿಸಿದ.

ಸಾಲು ಮುಂದುವರಿಯಿತು. ಅವನ ಕಣ್ಣು ಜನರ ಭುಜದಾಚೆ ಹಸಿರನ್ನು ಹುಡುಕುತ್ತಿತ್ತು. ನಡುನಡುವೆ ಗೊತ್ತಿಲ್ಲದ ಬಟ್ಟೆಗಳೂ ಬಂದವು, ಆಸ್ಪತ್ರೆಯವರೋ ಹೆಂಡತಿಯ ಕಡೆಯ ದೂರದ ನೆಂಟರೋ ಇರಬೇಕು. ಅವರಿಗೂ ಅದೇ ಉಪಕಾರ. ಒಬ್ಬ ಹೆಂಗಸು ಹೊಸ ಕಪ್ಪು ಕೋಟು ಹಾಕಿದ್ದಳು. ಎಷ್ಟು ಹೊಸದೆಂದರೆ, ಡಬ್ಬಿಯಿಂದ ತೆಗೆದು ಹಾಗೇ ಹಾಕಿಕೊಂಡು ಬಂದಿದ್ದಳು, ಅಂಗಡಿಯ ಮಡಿಕೆ ಎದೆಗೆ ಅಡ್ಡಲಾಗಿ ಎದ್ದು ಕಾಣುತ್ತಿತ್ತು. ಒಂದು ಸಲ ಒದ್ದೆಬಟ್ಟೆ ಹಾಕಿ ಒತ್ತಿದ್ದರೆ ಹೋಗುತ್ತಿತ್ತು ಎಂದುಕೊಂಡ ಇಸ್ತ್ರಿಯಪ್ಪ. ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಅವಳು ಏನೂ ಮಾತಾಡಲಿಲ್ಲ. ಎದುರಿಗೆ ಬಂದು ನಿಂತು ಅವನ ಮುಖವನ್ನೇ ನೋಡಿದಳು. ಕಣ್ಣು ಕೆಂಪಾಗಿತ್ತು. ತಣ್ಣನೆಯ ಎರಡು ಕೈಗಳನ್ನು ಮುಂದೆ ಚಾಚಿದಳು.

ಅವನು ಆ ಕೈಗಳನ್ನು ಹಿಡಿದುಕೊಂಡ. "ನೀವು ಬಂದದ್ದು ದೊಡ್ಡ ಉಪಕಾರ" ಎಂದ.

ಅವಳು ಕೈಯನ್ನು ಕೂಡಲೇ ಬಿಡಿಸಿಕೊಳ್ಳಲಿಲ್ಲ. ಹಿಂದಿನವರು ಕಾಯುತ್ತಿದ್ದರು. ಅವನು ಮತ್ತೊಮ್ಮೆ, ಇನ್ನಷ್ಟು ಮರ್ಯಾದೆಯಿಂದ, "ಅಷ್ಟು ದೂರದಿಂದ ಬಂದ್ರಿ, ಕೂತ್ಕೊಳ್ಳಿ" ಎಂದು ಕುರ್ಚಿಗಳ ಕಡೆ ಕೈ ತೋರಿಸಿದ. ಅವಳು ಹೋಗಿ ಮೂರನೆಯ ಸಾಲಿನ ತುದಿಯಲ್ಲಿ ಕೂತಳು. ಅವನ ಕಣ್ಣು ಬಾಗಿಲಿನ ಕಡೆ ಹೋಯಿತು.

*

ಒಂಬತ್ತು ವರ್ಷದ ಹಿಂದೆ ಮಗಳ ಹೊಟ್ಟೆಯಲ್ಲಿದ್ದ ಏಳು ತಿಂಗಳ ಕೂಸು ಹೋಯಿತು. ಅಳಿಯ ಕೆಲಸದ ಮೇಲೆ ದೂರದಲ್ಲಿದ್ದ. ಹೆಂಡತಿ ಮೂರು ದಿನ ಆಸ್ಪತ್ರೆಯಲ್ಲೇ ಇದ್ದು, ನಾಲ್ಕನೆಯ ದಿನ ಜ್ವರ ಬಂದು ಮಲಗಿದಳು. "ಇವತ್ತೊಂದು ದಿನ ನೀವು ಹೋಗಿಬನ್ನಿ. ಹಸಿರು ಕೋಟು ಹಾಕ್ಕೊಂಡೇ ಕೂತಿರ್ತಾಳೆ, ಚಳಿ ಅಂತ ತೆಗೆಯೋದೇ ಇಲ್ಲ. ಕೆಂಪು ದಾರ ನೋಡಿ" ಎಂದಳು.

ವಾರ್ಡಿನ ಬಾಗಿಲಲ್ಲಿ ಇಸ್ತ್ರಿಯಪ್ಪ ನಿಂತ. ಎರಡು ಸಾಲು, ಹದಿನಾಲ್ಕು ಹಾಸಿಗೆ. ಆ ಬೆಳಿಗ್ಗೆ ಯಾರೋ ದೊಡ್ಡ ವೈದ್ಯರು ಬರುವವರಿದ್ದರಂತೆ. ಎಲ್ಲ ರೋಗಿಗಳ ಸ್ವಂತ ಬಟ್ಟೆ ಕಟ್ಟಿಡಿಸಿ, ಒಗೆದ ಆಸ್ಪತ್ರೆಯ ತಿಳಿನೀಲಿ ಅಂಗಿ ಕೊಟ್ಟಿದ್ದರು. ಹದಿನಾಲ್ಕು ತಿಳಿನೀಲಿ ಅಂಗಿ. ಎಲ್ಲರ ಕೂದಲೂ ಬಿಳಿ ಟೋಪಿಯೊಳಗೆ. ಅವನು ಒಂದೊಂದೇ ಹಾಸಿಗೆ ನೋಡಿದ. ಏಳೆಂಟು ಹೆಂಗಸರು ಅವನನ್ನೂ ನೋಡಿದರು. ಯಾರೂ ಮಾತಾಡಲಿಲ್ಲ. 'ನನ್ನ ಮಗಳು ಯಾವ ಹಾಸಿಗೆ' ಎಂದು ನರ್ಸನ್ನು ಕೇಳಬಹುದಿತ್ತು. 'ಅಲ್ಲೇ ನಿಮ್ಮ ಕಣ್ಣೆದುರಿಗೇ ಇದಾಳಲ್ಲ' ಅಂದರೆ? ಮಗು ಕಳೆದುಕೊಂಡು ಮಲಗಿದ ಮಗಳ ಎದುರಿಗೆ? ತಂದಿದ್ದ ಹಣ್ಣಿನ ಚೀಲವನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ತಿರುಗಿ ನಡೆದ. ಮನೆಗೆ ಬಂದು "ಮಲಗಿದ್ಲು, ಎಬ್ಬಿಸಲಿಲ್ಲ" ಎಂದ.

ಮಗಳು ಮಲಗಿರಲಿಲ್ಲ. ನಾಲ್ಕನೆಯ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಅಪ್ಪ ಬಾಗಿಲಲ್ಲಿ ನಿಂತದ್ದನ್ನು, ತನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದನ್ನು, ನೋಡಿ ತಿರುಗಿ ಹೋದದ್ದನ್ನು ಕಂಡಿದ್ದಳು. ಆಸ್ಪತ್ರೆಯಿಂದ ಬಂದವಳು ಮನೆಯಲ್ಲಿ ಎರಡು ದಿನವೂ ನಿಲ್ಲಲಿಲ್ಲ. ಹಸಿರು ಕೋಟನ್ನು ಗೂಟದ ಮೇಲೇ ಬಿಟ್ಟು ಹೊರಟಳು. "ಮಗು ಉಳಿಸಿಕೊಳ್ಳದೋಳ ಮುಖ ನೋಡಬಾರದು ಅಂತ ಅಪ್ಪನಿಗೆ" ಎಂದು ಅಮ್ಮನಿಗೆ ಹೇಳಿದಳಂತೆ. ಹೆಂಡತಿ ಆಣೆ ಬಿಡಿಸಿ ಎಂದು ಅವನ ಕೈ ಹಿಡಿದು ಕೇಳಿಕೊಂಡಳು. ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತ ಅವನು ಒಂಬತ್ತು ವರ್ಷ ತಳ್ಳಿದ.

*

ಒಂದೂಮುಕ್ಕಾಲು ದಾಟುವಾಗ ಬಾಗಿಲಲ್ಲಿ ಹಸಿರು ಕಂಡಿತು.

ಇಸ್ತ್ರಿಯಪ್ಪ ಕತ್ತು ಚಾಚಿ ನೋಡಿದ. ಅದೇ ಕೋಟು. ಎರಡನೆಯ ಗುಂಡಿ ಬೇರೆ ಬಣ್ಣದ್ದು, ಅವನೇ ಹಾಕಿದ್ದು. ಎಡಗೈ ಪಟ್ಟಿಯ ಅಂಚಿನಲ್ಲಿ ಕೆಂಪು ದಾರ. ಕೋಟಿನೊಳಗಿನ ಹೆಂಗಸು ಬಾಗಿಲಲ್ಲೇ ಸಂಕೋಚದಿಂದ ನಿಂತು, ಪೆಟ್ಟಿಗೆಯ ಕಡೆ ನೋಡಿ ಅಳತೊಡಗಿದಳು.

ಮೊದಲು ನೀವೇ ಕರೀರಿ ಎಂದಿದ್ದ ಭಾವಮೈದುನ. ಇಸ್ತ್ರಿಯಪ್ಪ ಕರೆದ. "ಪುಟ್ಟೀ" ಎಂದ, ಎಲ್ಲರಿಗೂ ಕೇಳಿಸುವಂತೆ. ಮೂರನೆಯ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಅವನು ಅತ್ತ ನೋಡಲಿಲ್ಲ. ನಾಲ್ಕು ಹೆಜ್ಜೆ ಹಾಕಿ ಹೋಗಿ ಹಸಿರು ಕೋಟನ್ನು ಎರಡೂ ತೋಳಿನಿಂದ ಅಪ್ಪಿಕೊಂಡ. "ಬಂದ್ಯಾ ಮಗಳೇ, ಬಂದ್ಯಾ" ಎಂದು ಭೋರೆಂದು ಅತ್ತ. ಹೆಂಡತಿ ಸತ್ತ ಎರಡು ದಿನದಲ್ಲಿ ಅವನು ಜನರ ಮುಂದೆ ಅತ್ತದ್ದು ಅದೇ ಮೊದಲು.

ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, ಆಡದೆ ಇಟ್ಟುಕೊಂಡದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದ.

"ನಂಗೆ ಮುಖ ಗುರುತು ಸಿಗಲ್ಲ ಪುಟ್ಟೀ. ಯಾರದೂ ಸಿಗಲ್ಲ. ನಿನ್ನದೂ ಸಿಗಲ್ಲ. ಹುಟ್ಟಿದಾಗಿನಿಂದ ಹೀಗೇ. ಆವತ್ತು ವಾರ್ಡಲ್ಲಿ ನೀನು ಯಾವ ಹಾಸಿಗೆ ಅಂತ ಗೊತ್ತಾಗ್ಲಿಲ್ಲ. ಕೇಳೋಕೆ ನಾಚಿಕೆಯಾಗಿ ಓಡಿಬಂದೆ. ಅಮ್ಮ ಹೇಳ್ತೀನಿ ಅಂದ್ಲು, ನಾನೇ ಬೇಡ ಅಂದೆ. ನಿನ್ನ ಮೇಲೆ ನಂಗೆ ಯಾವ ಕೋಪವೂ ಇರ್ಲಿಲ್ಲ ಕಣೇ."

ತೋಳಿನೊಳಗಿನ ಮೈ ಕೊರಡಿನಂತೆ ಸೆಟೆದು ನಿಂತಿತ್ತು. ಅವನು ಹಿಡಿತ ಸಡಿಲಿಸಿದ.

"ಯಜಮಾನ್ರೇ" ಎಂದಳು ಹೆಂಗಸು. ಗೊತ್ತೇ ಇಲ್ಲದ ಧ್ವನಿ. "ನಾನು ನಿಮ್ಮ ಮಗಳಲ್ಲ. ನಿಮ್ಮ ಅಂಗಡಿ ಎದುರಿನ ಕಟ್ಟಡದ ಮೆಟ್ಟಿಲು ತೊಳೆಯೋಳು."

ಇಸ್ತ್ರಿಯಪ್ಪ ಅವಳ ಎಡಗೈ ಹಿಡಿದು ಪಟ್ಟಿಯ ದಾರವನ್ನು ಬೆರಳಿನಿಂದ ಮುಟ್ಟಿನೋಡಿದ.

"ಈ ಕೋಟು?"

"ಅಕ್ಕ ಕೊಟ್ರು. ಆಸ್ಪತ್ರೆಗೆ ಸೇರೋ ಹಿಂದಿನ ದಿನ. ಚಳೀಲಿ ಬರೀ ಅಂಗೀಲಿ ನೀರು ಸುರಿಯೋದು ನೋಡಿ ಕರೆದ್ರು." ಅವಳು ಕಣ್ಣೊರೆಸಿಕೊಂಡಳು. "ಮಗಳದ್ದು ಅಂದ್ರು. ಮಗಳು ಬಂದ್ರೆ ಏನಂತೀರಿ ಅಂತ ಕೇಳ್ದೆ. ಇನ್ನು ಬರಲ್ಲ ಕಣಮ್ಮ, ನಮ್ಮ ಮನೇಲಿ ಒಬ್ಬರು ಮಾತ್ರ ಬರ್ತಾಳೆ ಅಂತ ಇಸ್ತ್ರಿ ಹಾಕ್ತಿರ್ತಾರೆ, ಅವರಿಗೆ ಹೇಳಬೇಡ ಅಂದ್ರು."

ಅವರ ಪಕ್ಕದಿಂದ ಯಾರೋ ಬಿರಬಿರನೆ ದಾಟಿ ಬಾಗಿಲಿನಿಂದ ಹೊರಗೆ ಹೋದರು. ಇಸ್ತ್ರಿಯಪ್ಪನಿಗೆ ಒಂದು ಕಪ್ಪು ಕೋಟಿನ ಬೆನ್ನು ಕಂಡಿತು, ಬೆನ್ನಿಗೆ ಅಡ್ಡಲಾಗಿ ಅಂಗಡಿಯ ಮಡಿಕೆ.

*

"ಭಾವ, ಗುಂಡಿ ಸಿದ್ಧವಾಯ್ತು. ನಾಲ್ಕು ಜನ ಪೆಟ್ಟಿಗೆ ಎತ್ತೋದೇ" ಎಂದು ಕೆಮ್ಮುತ್ತ ಭಾವಮೈದುನ ಒಳಗೆ ಬಂದ. ಹತ್ತಿರ ಬಂದು ದನಿ ತಗ್ಗಿಸಿದ. "ಏನಾಯ್ತು ನಿಮ್ಮಿಬ್ಬರಿಗೆ? ಪುಟ್ಟಿ ಗೇಟಿನ ಹತ್ರ ಸಿಕ್ಕಿದ್ಲು. ಅಮ್ಮನ ಮಣ್ಣು ಮುಗಿಸ್ಕೊಂಡು ಹೋಗು ಅಂದ್ರೆ ಕೇಳಲಿಲ್ಲ."

"ಪುಟ್ಟಿ ಎಲ್ಲಿ ಬಂದ್ಲು?"

"ಏನ್ ಭಾವ ಹೀಗಂತೀರಿ? ನಿಮ್ಮ ಹತ್ರ ಮಾತಾಡ್ಸಿಕೊಂಡೇ ಬಂದೆ ಅಂದಳಲ್ಲ. 'ಅಪ್ಪ ನನಗೆ ಉಪಕಾರ ಹೇಳಿದ್ರು ಮಾಮ, ಕೂತ್ಕೊಳ್ಳಿ ಅಂತ ಬಹುವಚನದಲ್ಲಿ ಹೇಳಿದ್ರು' ಅಂದಳು. 'ಅವರ ಮಗಳು ಒಳಗಿದಾಳೆ, ತಬ್ಬಿಕೊಂಡು ಅಳ್ತಿದಾರೆ, ನೋಡು ಹೋಗು' ಅಂದಳು. ತಲೆಬುಡ ಅರ್ಥ ಆಗ್ಲಿಲ್ಲ ನಂಗೆ."

ಇಸ್ತ್ರಿಯಪ್ಪ ತನ್ನ ಎರಡು ಅಂಗೈ ನೋಡಿಕೊಂಡ. ಆ ಕೈಗಳ ತಂಪು ಇನ್ನೂ ಅಲ್ಲೇ ಇತ್ತು.

"ಗಂಟೆ ಎಷ್ಟು?"

"ಎರಡಕ್ಕೆ ಐದು ನಿಮಿಷ. ಭಾವ, ಎಲ್ಲಿಗೆ? ಪೆಟ್ಟಿಗೆ ಎತ್ತಬೇಕು. ಅಕ್ಕನ್ನ ಹೀಗೆ ಬಿಟ್ಟು ಎಲ್ಲಿಗೆ ಹೋಗ್ತೀರಿ?"

ಅವನು ಆಗಲೇ ಬಾಗಿಲು ದಾಟಿದ್ದ. ನಲವತ್ತು ವರ್ಷ ನಿಂತೇ ಕೆಲಸ ಮಾಡಿದ ಕಾಲು, ನರಗಳೆಲ್ಲ ಗಂಟುಕಟ್ಟಿದ ಕಾಲು. ಆ ಕಾಲಲ್ಲಿ ಓಡಿದ. ಸ್ಮಶಾನದ ಗೋಡೆ ಮುಗಿಯುವಲ್ಲಿ ಎಡಕ್ಕೆ ತಿರುಗಿದರೆ ಬಸ್ ನಿಲ್ದಾಣ. ಹೊಸ ಕಪ್ಪು ಕೋಟು, ಎದೆಗೆ ಅಡ್ಡ ಮಡಿಕೆ, ಬೆನ್ನಿಗೆ ಅಡ್ಡ ಮಡಿಕೆ. ಸಾವಿರ ಜನರ ನಡುವೆ ಇದ್ದರೂ ಆ ಮಡಿಕೆಯನ್ನು ಅವನು ಬಿಡುವವನಲ್ಲ. ಕಂಡ ಕೂಡಲೇ ತೋಳು ಹಿಡಿದು ನಿಲ್ಲಿಸಬೇಕು. ಹೇಳಬೇಕಾದದ್ದನ್ನು ಒಂದು ಸಲ ಹೇಳಿ ಅಭ್ಯಾಸವಾಗಿದೆ, ಇನ್ನು ಕಷ್ಟವಿಲ್ಲ.

ನಿಲ್ದಾಣದಲ್ಲಿ ಕಾಯುವವರು ಯಾರೂ ಉಳಿದಿರಲಿಲ್ಲ. ಎಲ್ಲರೂ ಹತ್ತಿಯಾಗಿತ್ತು. ಬಾಗಿಲು ಮುಚ್ಚಿದ ಬಸ್ಸು ಇಂಜಿನ್ ಗುಡುಗಿಸುತ್ತ ನಿಂತಿತ್ತು. ಅವನು ಬಾಗಿಲು ಬಡಿದ. ಚಾಲಕ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತಿದ್ದ. ಇಸ್ತ್ರಿಯಪ್ಪ ಬಸ್ಸಿನ ಪಕ್ಕಕ್ಕೆ ಸರಿದು ತಲೆ ಎತ್ತಿ ನೋಡಿದ. ಕಿಟಕಿಗಳು ಎತ್ತರದಲ್ಲಿದ್ದವು. ಚಳಿಗೆ ಗಾಜು ಏರಿಸಿದ್ದರು. ಭುಜದಿಂದ ಕೆಳಗೆಲ್ಲ ತಗಡಿನ ಹಿಂದೆ ಮರೆಯಾಗಿತ್ತು. ಒಂದು ಕೋಟೂ ಕಾಣಲಿಲ್ಲ, ಒಂದು ತೋಳೂ ಕಾಣಲಿಲ್ಲ. 

"ಪುಟ್ಟೀ" ಎಂದು ಕೂಗಿದ.

ಬಸ್ಸಿನ ಈ ಕಡೆಯ ಕಿಟಕಿಗಳಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಹತ್ತು ಕಿಟಕಿ, ಹತ್ತು ಮುಖ. ಹೆಚ್ಚಿನವು ಹೆಂಗಸರದು, ನಾಲ್ಕೈದರಲ್ಲಿ ಕೂದಲು ಕಿವಿಯ ಮಟ್ಟಕ್ಕಿತ್ತು. ಎಲ್ಲವೂ ಅವನನ್ನೇ ನೋಡುತ್ತಿದ್ದವು. ಯಾರ ತುಟಿಯೂ ಅಲುಗಲಿಲ್ಲ, ಅಲುಗಿದರೂ ಗಾಜಿನಾಚೆಯಿಂದ ಅವನಿಗೆ ಕೇಳಿಸುವಂತಿರಲಿಲ್ಲ.

ಬಸ್ಸು ಚಲಿಸಿತು. ಇಸ್ತ್ರಿಯಪ್ಪ ಕೈ ಎತ್ತಿದ. ಮೊದಲನೆಯ ಕಿಟಕಿಗೆ ಬೀಸಿದ, ಎರಡನೆಯದಕ್ಕೆ ಬೀಸಿದ, ಮೂರನೆಯದಕ್ಕೆ. ಯಾವ ಕಿಟಕಿಗೂ ಒಂದಿಷ್ಟೂ ಹೆಚ್ಚಲ್ಲ, ಒಂದಿಷ್ಟೂ ಕಡಿಮೆಯಲ್ಲ, ಕೊನೆಯ ಕಿಟಕಿ ದಾಟುವವರೆಗೂ ಎಲ್ಲದಕ್ಕೂ ಒಂದೇ ಸಮನೆ ಬೀಸಿದ.